ದಮ್ಮಿನವರು ಮತ್ತು ಬಾಟಲಿ ಶರಬತ್ತು

‘ಶರಬತ್ತು ಕುಡಿದ ಸ್ವಲ್ಪ ಹೊತ್ತಿಗೇ ದಮ್ಮು ಹತ್ತುತ್ತದೆ, ಐಸ್ ಹಾಕದಿದ್ದರೂ ಬಿಡುವುದಿಲ್ಲ, ಯಾಕೆ?’ ಎಂದು ಎಷ್ಟೋ ಜನ ಬರೆದಿದ್ದೀರಿ. ತಂಪಿನ ಮೇಲೆ ತಪ್ಪು ಹೊರಿಸುವ ಮುನ್ನ ಬಾಟಲಿ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ 223 ಅಥವಾ 224 ಎಂದಿದ್ದರೆ ಅದು ಸಲ್ಫೈಟ್. 220ರಿಂದ 228ರವರೆಗೆ ಅದೇ ಬಳಗ.

ಈ ಸಲ್ಫೈಟ್ ಪುಡಿಗೆ ಹುಳಿ ತಾಗಿದರೆ ಸಲ್ಫರ್ ಡೈಆಕ್ಸೈಡ್ ಅನಿಲ ಏಳುತ್ತದೆ. ಸ್ಕ್ವಾಷ್ ಬಾಟಲಿಯ ಮುಚ್ಚಳ ತೆಗೆದಾಗ ಮೂಗಿಗೆ ಚುರ್ ಎನ್ನುತ್ತದಲ್ಲ, ಅದೇ. ನಿಂಬೆ, ಕೋಕಮ್‌ಗಳಲ್ಲಿ ಹುಳಿ ಮೊದಲೇ ಇದೆ, ಹೊಟ್ಟೆಯಲ್ಲಿ ಇನ್ನಷ್ಟು ಇದೆ. ನೀವು ನುಂಗುವುದು ನೀರು, ಆದರೆ ಅದರ ಜೊತೆಗೇ ಅನಿಲವನ್ನು ಉಸಿರಾಡುತ್ತೀರಿ. ಶ್ವಾಸನಾಳದ ನರ ಕೆರಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಹೆಚ್ಚಿನವರಲ್ಲಿ ತೊಂದರೆ ಕೊಡುವುದು ಆ ಅನಿಲ, ಅಲರ್ಜಿ ಅಲ್ಲ. ಅದಕ್ಕೇ ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಇದು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ‘ಟೆಸ್ಟ್ ನೆಗೆಟಿವ್, ಇನ್ನು ಭಯವಿಲ್ಲ’ ಎನ್ನುವ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ಸಲ್ಫಾ ಮಾತ್ರೆ ಆಗದವರಿಗೆ ಸಲ್ಫೈಟ್ ಕೂಡ ಆಗದು ಎನ್ನುವುದೂ ತಪ್ಪು. ಅವೆರಡಕ್ಕೂ ಸಂಬಂಧವಿಲ್ಲ.

ನಾನಿರುವ ಪುಣೆಯ ಕೋಥರೂಡಿನಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಸ್ಕ್ವಾಷ್ ತಯಾರಾಗುತ್ತದೆ. ‘ಮನೆಯದು, ಕೆಮಿಕಲ್ ಇಲ್ಲ’ ಎನ್ನುತ್ತಲೇ ಚಿಟಿಕೆ ಕೆಎಂಎಸ್ ಹಾಕುತ್ತಾರೆ. ಆ ಕೆಎಂಎಸ್ ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅದೇ 224! ಕಿರಾಣಿ ಅಂಗಡಿಯಲ್ಲಿ ಕಂದು ಒಣದ್ರಾಕ್ಷಿ ಬಿಟ್ಟು ಹೊಂಬಣ್ಣದ್ದನ್ನೇ ಆರಿಸುತ್ತಾರೆ. ಸಾಂಗ್ಲಿಯದಾಗಲಿ ನಮ್ಮ ವಿಜಯಪುರದ್ದಾಗಲಿ, ಬಣ್ಣ ಕೆಡದಿರಲೆಂದು ಗಂಧಕದ ಹೊಗೆ, ಅಂದರೆ ಅದೇ ಅನಿಲ, ಹಿಡಿಸುವ ರೂಢಿ ಇದೆ. ಒಣ ಜರ್ದಾಳು ಕಿತ್ತಳೆ ಬಣ್ಣದಲ್ಲಿ ಹೊಳೆಯುವುದೂ ಹೀಗೆಯೇ.

ಇದು ಸಣ್ಣ ವಿಷಯವಲ್ಲ. ಸಲಾಡ್‌ಗೆ ಹಾಕಿದ ಸಲ್ಫೈಟ್‌ನಿಂದ ಅಸ್ತಮಾ ಇದ್ದವರು ಸತ್ತ ಮೇಲೆ, 1986ರಲ್ಲಿ ಅಮೆರಿಕ ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಅದನ್ನು ಹಾಕುವುದನ್ನು ನಿಷೇಧಿಸಿತು. ಹಾಗೆಂದು ಎಲ್ಲರೂ ಹೆದರಬೇಕಿಲ್ಲ. ಅಸ್ತಮಾ ಇರುವ ನೂರರಲ್ಲಿ 3ರಿಂದ 10 ಜನರಿಗೆ ಇದು ಆಗದು ಎಂಬ ಅಂದಾಜಿದೆ. ಸ್ಟೀರಾಯ್ಡ್ ಬಿಡಲಾಗದಷ್ಟು ದಮ್ಮು ಇರುವವರಲ್ಲಿ ಹೆಚ್ಚು.

ಸಮಯ ಮುಗಿಯುತ್ತಾ ಬಂತು. ನಮ್ಮ ದೇಶದಲ್ಲೂ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಪೊಟ್ಟಣದ ಮೇಲೆ ಬರೆಯಬೇಕು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಚೀಟಿಯೇ ಇರುವುದಿಲ್ಲ, ಅಲ್ಲಿ ಎಚ್ಚರ. ಅನುಮಾನವಿದ್ದರೆ ಮನೆಯಲ್ಲಿ ಕುಡಿದು ಪರೀಕ್ಷಿಸಬೇಡಿ, ಆ ಪರೀಕ್ಷೆ ಆಸ್ಪತ್ರೆಯಲ್ಲಿ ವೈದ್ಯರ ಎದುರಿಗೇ ಆಗಬೇಕು. ದಮ್ಮು ಹತ್ತಿದರೆ ಮೊದಲು ಇನ್‌ಹೇಲರ್ ಪಂಪ್ ತೆಗೆದುಕೊಳ್ಳಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.