‘ಇಲ್ಲ’ ಎನ್ನುವ ಅಧಿಕಾರ



ರಿವರ್‌ಸೈಡ್‌ನ ಈ ಕೂಟದಲ್ಲಿ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಊಟದ ಹೊತ್ತಿಗೆ ಕಿವಿಗೆ ಬೀಳುವ ಒಂದು ದೂರಿಗೂ ಕೊರತೆಯಿಲ್ಲ: ‘ಊರಿನಲ್ಲಿ ಇಪ್ಪತ್ತು ವರ್ಷ ಯಂತ್ರಗಳ ನಡುವೆ ಬಾಳಿದವನಿಗೆ ಇಲ್ಲಿ ಮತ್ತೆ ನೋಂದಣಿ ಏಕೆ?’ ಬಂದ ಹೊಸತರಲ್ಲಿ ನಾನೂ ಹೀಗೆಯೇ ಗೊಣಗಿದವನು. ಆ ಗೊಣಗಾಟವನ್ನು ಹಿಂದಕ್ಕೆ ಪಡೆಯಲು ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಕೀನ್ಯಾದ 2011ರ ಎಂಜಿನಿಯರುಗಳ ಕಾಯ್ದೆಯಲ್ಲಿ ಮೂರು ಮೆಟ್ಟಿಲುಗಳಿವೆ: ಪದವೀಧರ ಎಂಜಿನಿಯರ್, ವೃತ್ತಿಪರ ಎಂಜಿನಿಯರ್, ಸಲಹಾ ಎಂಜಿನಿಯರ್. ಹೊರನಾಡಿನವರಿಗೆ ತಾತ್ಕಾಲಿಕ ನೋಂದಣಿಯ ದಾರಿಯಿದೆ. ಕರ್ತವ್ಯಲೋಪ ಮಾಡಿದವರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರ ಎಂಜಿನಿಯರುಗಳ ಮಂಡಳಿಗಿದೆ. ತಂತ್ರಜ್ಞರಿಗಾಗಿ 2016ರಲ್ಲಿ ಬೇರೊಂದು ಕಾಯ್ದೆ ಬಂತು. ಭಾರತದಲ್ಲಿ ವಕೀಲರಿಗೆ 1961ರ ಕಾಯ್ದೆಯಿದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ. ಮೆಕ್ಯಾನಿಕಲ್ ಎಂಜಿನಿಯರರಿಗೆ ಮಾತ್ರ ಪದವಿಯೇ ಆದಿ, ಪದವಿಯೇ ಅಂತ್ಯ. ಆದರೆ ಅದೇ ಭಾರತದಲ್ಲಿ ಬಾಯ್ಲರ್ ನಡೆಸುವ ಕೆಲಸಗಾರನ ಬಳಿ ಅರ್ಹತಾ ಪತ್ರ ಇರಲೇಬೇಕು.

ಈ ವ್ಯತ್ಯಾಸದ ಅರ್ಥ ನನಗೆ ತಿಳಿದದ್ದು ಮಂಡ್ಯ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ಅರೆಯುವ ಕಾಲ. ಅಂಗಳದ ತುಂಬ ಗಾಡಿಗಳು. ಬಾಯ್ಲರಿನ ಸುರಕ್ಷಾ ಕವಾಟ ಸಿಕ್ಕಿಕೊಂಡಂತಿತ್ತು. ಹೇಗಾದರೂ ಉಗಿ ಏರಿಸಿ ಎಂದು ಮೇಲಿನಿಂದ ಆಜ್ಞೆ ಬಂತು. ತರುಣ ಎಂಜಿನಿಯರನಾಗಿದ್ದ ನಾನು ಆ ಆಜ್ಞೆಯನ್ನು ಹಾಗೆಯೇ ಕೆಳಗೆ ದಾಟಿಸಿದೆ. ಬಾಯ್ಲರಿನ ಹಿರಿಯ ಕೆಲಸಗಾರರು ಸಲಿಕೆ ಕೆಳಗಿಟ್ಟು ಹೇಳಿದರು: ‘ಆಗಕಿಲ್ಲ ಸಾರ್. ಇದನ್ನ ಹಿಂಗೇ ಹಚ್ಚಿದ್ರೆ ನನ್ನ ಸರ್ಟಿಫಿಕೇಟೇ ಹೊಂಟೋಯ್ತದೆ. ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲ.’

ಅಂದು ಅರ್ಧ ದಿನ ಕಾರ್ಖಾನೆ ನಿಂತಿತು, ಕವಾಟ ದುರಸ್ತಿಯಾಯಿತು, ಯಾರ ಪ್ರಾಣವೂ ಹೋಗಲಿಲ್ಲ. ‘ಇಲ್ಲ’ ಎನ್ನುವ ಬಲ ಅವರಿಗಿತ್ತು, ನನಗಿರಲಿಲ್ಲ. ನನ್ನ ಬಳಿ ಇದ್ದದ್ದು ವಿದ್ಯೆ. ಅವರ ಬಳಿ ಇದ್ದದ್ದು ಕಾನೂನು ಕೊಟ್ಟ ಹೊಣೆ.

ಇಂಥ ಕಾನೂನುಗಳು ಯಾರದೋ ದೊಡ್ಡಸ್ತಿಕೆಗಾಗಿ ಹುಟ್ಟಿದವಲ್ಲ. 1905ರಲ್ಲಿ ಅಮೆರಿಕದ ಬ್ರಾಕ್ಟನ್‌ನ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಮಂದಿ ಸತ್ತ ಮೇಲೆಯೇ ಮ್ಯಾಸಚೂಸೆಟ್ಸ್ ರಾಜ್ಯ ಬಾಯ್ಲರುಗಳಿಗೆ ಕಟ್ಟುನಿಟ್ಟಿನ ನಿಯಮ ಮಾಡಿತು. ಕೆಲಸಗಾರರು ಪ್ರಾಣ ತೆತ್ತು ಬರೆಸಿದ ನಿಯಮಗಳಿವು.

ಹಾಗೆಂದು ಪತ್ರವೊಂದಿದ್ದರೆ ಸಾಕೆ? ನಮ್ಮ ಇದೇ ನೈರೋಬಿಯ ಎಂಬಕಾಸಿಯನ್ನು ನೆನೆಯಿರಿ. 2024ರ ಫೆಬ್ರವರಿ 1ರ ರಾತ್ರಿ ವಸತಿಗಳ ನಡುವಿನ ಅನಿಲ ತುಂಬುವ ಜಾಗದಲ್ಲಿ ಸ್ಫೋಟವಾಗಿ ಜನ ಸತ್ತರು. 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಜಾಗದ ಅರ್ಜಿಗಳನ್ನು ತಾನು ತಿರಸ್ಕರಿಸಿದ್ದಾಗಿ ಇಂಧನ ನಿಯಂತ್ರಣ ಪ್ರಾಧಿಕಾರ ಹೇಳಿತು. ಪರಿಸರ ಪರವಾನಗಿಯನ್ನು ಅಕ್ರಮವಾಗಿ ನೀಡಲಾಗಿತ್ತೆಂದು ಪರಿಸರ ಪ್ರಾಧಿಕಾರವೇ ಒಪ್ಪಿಕೊಂಡಿತು. ಒಂದು ಕಚೇರಿ ‘ಇಲ್ಲ’ ಎಂದಿತ್ತು, ಇನ್ನೊಂದರ ಮೊಹರು ‘ಹೌದು’ ಎಂದಿತ್ತು. ನಡೆದದ್ದು ವ್ಯಾಪಾರದ ಮಾತು. ಸುಟ್ಟದ್ದು ಬಡವರ ಮನೆ.

ಇನ್ನೊಂದು ಅಪಾಯವನ್ನೂ ಮರೆಯಬಾರದು. ನೋಂದಣಿಯ ಬಾಗಿಲು ಕಾಯುವವರು ಬಾಗಿಲನ್ನೇ ಮುಚ್ಚಿಬಿಡಬಹುದು. ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರೂ ನೋಂದಣಿ ಸಿಗದ ಕೀನ್ಯಾದ ತರುಣರು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು; 107 ಅರ್ಜಿದಾರರ ಆ ವ್ಯಾಜ್ಯ ಇಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಲಸೆ ಬಂದ ನಾವು ನಮ್ಮ ನೋಂದಣಿಯ ತೊಡಕನ್ನಷ್ಟೇ ಹೇಳಿಕೊಂಡು, ಈ ನೆಲದ ಮಕ್ಕಳು ಹೊರಗೆ ನಿಂತದ್ದನ್ನು ಕಾಣದಿದ್ದರೆ ನಮ್ಮ ಪ್ರಗತಿಪರತೆಗೆ ಅರ್ಥವಿಲ್ಲ.

ಆದ್ದರಿಂದ ನಾನು ಕೇಳುವುದು ಮೂರನ್ನು. ಭಾರತದಲ್ಲಿಯೂ ಜನರ ಪ್ರಾಣಕ್ಕೆ ಸಂಬಂಧಿಸಿದ ಯಂತ್ರಗಳ ವಿನ್ಯಾಸಕ್ಕೆ ಹೆಸರು ಹೇಳಿ ಹೊಣೆ ಹೊರುವ ಎಂಜಿನಿಯರ್ ಇರಬೇಕು. ನೋಂದಣಿಯ ಮಾನದಂಡ ಎಲ್ಲರಿಗೂ ತೆರೆದಿರಬೇಕು. ಶುಲ್ಕವೂ ಶಿಫಾರಸೂ ಬೇಲಿಯಾಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ‘ಇಲ್ಲ’ ಎಂದವರ ಕೆಲಸ ಹೋಗದಂತೆ ಕಾನೂನು ಕಾಯಬೇಕು. ಆ ರಕ್ಷಣೆಯಿಲ್ಲದ ಪರವಾನಗಿ ಗೋಡೆಗೆ ತೂಗುಹಾಕುವ ಚೌಕಟ್ಟು ಮಾತ್ರ.

ಆ ಹಿರಿಯರು ಅಂದು ಸಲಿಕೆ ಕೆಳಗಿಟ್ಟ ಸದ್ದು ಇಂದಿಗೂ ನನಗೆ ಕೇಳುತ್ತದೆ. ಸಹಿ ಹಾಕುವ ಮುನ್ನ ನಿಮಗೂ ಅದು ಕೇಳಿಸಲಿ.