ನಾಲೆಯ ಏರಿಯ ಮೇಲೆ ಒಂದು ದಿನ



ಮಾಘ ಮಾಸದ ಬಹುಳ ಪಕ್ಷ ಬಂದಿತೆಂದರೆ ದಾವಣಗೆರೆ ಸೀಮೆಯ ದಾರಿಗಳೆಲ್ಲ ಕೊಟ್ಟೂರಿನತ್ತ ಮುಖ ಮಾಡುತ್ತವೆ. ಶ್ರೀ ಗುರುಬಸವೇಶ್ವರರ ತೇರಿಗೆಂದು ಸಾವಿರಾರು ಜನ ಹೆಗಲಿಗೆ ಗಂಟು ಏರಿಸಿ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಬಸ್ಸು ಉಂಟು, ಮೋಟಾರು ಉಂಟು, ಆದರೂ ನಡೆಯುವುದೇಕೆ ಎಂದು ಕೇಳುವವರುಂಟು. ಒಂದು ದಿನ ಭಕ್ತರೊಡನೆ ಭದ್ರಾ ನಾಲೆಯ ಏರಿ ಹಿಡಿದು ನಡೆದಾಗ ನಾವು ಕಂಡುದನ್ನೇ ಅದಕ್ಕೆ ಉತ್ತರವಾಗಿ ತಮ್ಮ ಮುಂದೆ ಇಡುತ್ತೇವೆ.

ನಸುಕಿನಲ್ಲಿ ಹೊರಟಾಗ ಎಲ್ಲರ ಗಂಟೂ ಭಾರ. ಎರಡು ಜೊತೆ ಬಟ್ಟೆ, ಕಂಬಳಿ, ರೊಟ್ಟಿ, ಚಟ್ನಿಪುಡಿ, ಬೇಕಾದೀತೆಂದು ಕಟ್ಟಿಕೊಂಡ ಇನ್ನೂ ಎಷ್ಟೋ ಸಾಮಾನು. ಬಿಸಿಲೇರಿದಂತೆ ಹೆಗಲು ಲೆಕ್ಕ ಕೇಳತೊಡಗಿತು. ಬೇಕಾದುದೆಷ್ಟು, ಬೇಡವಾದುದೆಷ್ಟು ಎಂಬುದು ಹೊತ್ತವನಿಗೇ ತಿಳಿಯುತ್ತದೆ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಗಂಟುಗಳು ಬಿಚ್ಚಿದವು, ಬುತ್ತಿ ಹಂಚಿಹೋಯಿತು. ಹೆಗಲೂ ಹಗುರಾಯಿತು, ಮನಸ್ಸೂ ಹಗುರಾಯಿತು.

ನಾಲೆಯೂ ನಮ್ಮ ಪಕ್ಕದಲ್ಲಿಯೇ ನಡೆಯುತ್ತಿತ್ತು. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬಂದ ನೀರು ಅದು. ಬಲದಂಡೆ ನಾಲೆಯೊಂದೇ 103 ಕಿಲೋಮೀಟರು ಉದ್ದ. ಅದರಿಂದ ಕವಲೊಡೆದ ಶಾಖಾ ನಾಲೆ, ಉಪನಾಲೆ, ಹೊಲಗಾಲುವೆಗಳು ಬೇರೆ. ನಾಲೆಯನ್ನು ಎತ್ತರದ ನೆಲ ನೋಡಿಯೇ ತೋಡುತ್ತಾರೆ, ಇಳಿಜಾರು ಅತ್ಯಲ್ಪ. ಅದು ಎತ್ತರದಲ್ಲಿ ನಿಂತಿರುವುದು ಮೆರೆಯುವುದಕ್ಕಲ್ಲ, ತಗ್ಗಿನ ಹೊಲಕ್ಕೆ ನೀರು ಇಳಿಯಲೆಂದು. ಹಿರಿತನಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ಉಂಟೆ?

ಆದರೆ ಮುಂದೆ ಮುಂದೆ ನಡೆದಂತೆ ನೀರು ತಗ್ಗುತ್ತ ಬಂದಿತು. ಮೇಲ್ಭಾಗದಲ್ಲಿ ಭತ್ತ, ತೆಂಗು, ಅಡಕೆ. ಏರಿಯುದ್ದಕ್ಕೂ ನಾಲೆಗೆ ಇಳಿಬಿಟ್ಟ ಪಂಪಿನ ಪೈಪುಗಳು. ಕೊನೆಯ ಭಾಗಕ್ಕೆ ಬಂದಾಗ ತೂಬಿನ ಬಾಯಲ್ಲಿ ಬರೀ ಕೆಸರು. ಅಲ್ಲಿ ಸಲಿಕೆ ಹಿಡಿದು ಕುಳಿತಿದ್ದ ಮುದುಕನೊಬ್ಬ, “ಸರದಿ ನಮ್ದೈತ್ರಿ ಬುದ್ಧೇರ, ನೀರು ಮಾತ್ರ ಮ್ಯಾಲಿನೋರ್ದು” ಎಂದ. ನಮ್ಮಲ್ಲಿ ಮೇಲ್ಭಾಗದ ಊರಿನವರೂ ಇದ್ದರು. ಅವರು ತಲೆ ತಗ್ಗಿಸಿದರು.

ಹರಪನಹಳ್ಳಿ ತಾಲ್ಲೂಕಿನ ಕೆಲವು ಹಳ್ಳಿಗಳೂ ಈ ಭದ್ರೆಯ ಕೊನೆಯ ಭಾಗದಲ್ಲಿವೆ. ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಜಿಲ್ಲೆಯ ಹೆಸರು ಮೂರು ಸಲ ಬದಲಾಯಿತು. ಕೊನೆಯ ಹೊಲದವನು ತೂಬು ಕಾಯುವುದು ತಪ್ಪಲಿಲ್ಲ.

ನಾಲೆ ಮುಗಿದ ಮೇಲೆ ದಾರಿಯ ಎರಡೂ ಬದಿ ಬೆದ್ದಲು ಹೊಲ. ಅಲ್ಲಿ ನಮ್ಮ ಬಾಯಾರಿಕೆ ತಣಿಸಿದವರಾರು? ಮಳೆಯನ್ನೇ ನಂಬಿದ ಹಳ್ಳಿಯ ತಾಯಂದಿರು. ದೂರದಿಂದ ಕೊಡ ಹೊತ್ತು ತಂದ ನೀರನ್ನು ಅರವಟ್ಟಿಗೆಯಲ್ಲಿಟ್ಟು, ಯಾವ ಊರು, ಯಾವ ಕುಲ ಎಂದು ಕೇಳದೆ ಎರೆದರು. ನಾಲೆ ನಿಂತಲ್ಲಿಂದ ದಾಸೋಹ ಹರಿಯಿತು. ಇಲ್ಲದವರು ಎರೆಯುತ್ತಿರುವಾಗ ಇದ್ದವರು ಸರದಿ ಮೀರಿ ಎಳೆದುಕೊಳ್ಳುವುದು ಯಾವ ಭಕ್ತಿ? ಬೆವರು ಸುರಿಸಿ ಬೆಳೆಯುವುದು ಕಾಯಕವೇ ಸರಿ. ನೆರೆಯವನ ಪಾಲಿನ ನೀರಿನಿಂದ ಬೆಳೆದುದು ಹೇಗೆ ಕಾಯಕವಾದೀತು?

ಬಸ್ಸಿನಲ್ಲಿ ಕುಳಿತು ಬಂದಿದ್ದರೆ ಕಿಟಕಿಯ ಹಸಿರು ನೋಡಿ ನಿದ್ದೆ ಹೋಗುತ್ತಿದ್ದೆವು. ನಡೆದುದರಿಂದ ನಾಲೆಯ ತಲೆಯನ್ನೂ ಕಂಡೆವು, ಬಾಲವನ್ನೂ ಕಂಡೆವು. ನಡೆಯುವುದು ಇದಕ್ಕಾಗಿ.

ಆದ್ದರಿಂದ ಮೇಲ್ಭಾಗದ ಭಕ್ತರಲ್ಲಿ ನಮ್ಮದೊಂದೇ ಮಾತು. ಬರುವ ವರ್ಷ ಗಂಟು ಕಟ್ಟುವ ಮುನ್ನ ನಿಮ್ಮ ಹೊಲದ ತೂಬಿನ ಬಳಿ ಹೋಗಿರಿ. ಸರದಿ ಮುಗಿದಿದ್ದರೆ ಅದನ್ನು ಮುಚ್ಚಿ ಬನ್ನಿರಿ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಆಮೇಲೆ ಎಸೆಯಬಹುದು. ಕೆಳಗಿನ ಒಂದು ಹೊಲ ನೆನೆಯಿತೆಂದರೆ ತೇರಿನ ಹಗ್ಗಕ್ಕೆ ಕೈ ಹಚ್ಚುವ ಯೋಗ್ಯತೆ ನಿಮಗೆ ಅಲ್ಲಿಯೇ ಬಂದಿತೆಂದು ತಿಳಿಯಿರಿ.