ತಿಪ್ಪೆಗೂ ಉಸಿರು ಬೇಕು

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯ ಸುತ್ತ ಈಗ ಮನೆಗಳೇ ಹೆಚ್ಚು. ಅಲ್ಲಿಂದ ಮಾಗಡಿಯ ಕಡೆ ಹೊರಟರೆ ರಾಗಿ ಹೊಲವೂ ತಿಪ್ಪೆಯೂ ಇಂದಿಗೂ ಕಾಣಸಿಗುತ್ತವೆ. ತಿಪ್ಪೆಗೆ ಹಾಕಿದ ಸಗಣಿ ಬೇಗ ಕಳಿಯುತ್ತದೆ. ದನ ತಿಂದುಳಿದ ರಾಗಿ ಹುಲ್ಲು, ತೊಗರಿ ಕಡ್ಡಿ ಮಾತ್ರ ತಿಂಗಳುಗಟ್ಟಲೆ ಹಾಗೇ ಇರ್ತವೆ. ಯಾಕೆ ಅಂತೀರಾ?

ಕಡ್ಡಿಗೆ ಗಟ್ಟಿತನ ಕೊಡುವುದು ಲಿಗ್ನಿನ್ ಎಂಬ ಪದಾರ್ಥ. ಆರಾರು ಇಂಗಾಲದ ಕಣಗಳು ಬಳೆಯ ಹಾಗೆ ಕೂಡಿ ಅದು ಆಗಿದೆ. ಬೂಷ್ಟು, ಅಣಬೆ ಜಾತಿಯವು ಮೊದಲು ಅದನ್ನು ತುಂಡು ಮಾಡುತ್ತವೆ. ಆ ತುಂಡುಗಳು ಮಣ್ಣಿನ ಬ್ಯಾಕ್ಟೀರಿಯಗಳ ಪಾಲು. ಸೂಡೋಮೊನಾಸ್ ಎಂಬ ಜಾತಿಯವು ಹುಲ್ಲಿನ ಫೆರುಲಿಕ್ ಆಮ್ಲವನ್ನು ಹಂತಹಂತವಾಗಿ ಪ್ರೋಟೋಕ್ಯಾಟೆಚುಯಿಕ್ ಆಮ್ಲವಾಗಿಸಿ, ಕೊನೆಗೆ ಬಳೆಯನ್ನೇ ಮುರಿಯುತ್ತವೆ. ಮುರಿಯುವುದು ಪ್ರೋಟೋಕ್ಯಾಟೆಚುಯೇಟ್ ಡೈಆಕ್ಸಿಜನೇಸ್ ಎಂಬ ಕಿಣ್ವ. ಹೆಸರು ಉದ್ದ, ಕೆಲಸ ಒಂದೇ. ಅದರೊಳಗಿನ ಕಬ್ಬಿಣದ ನೆರವಿನಿಂದ ಗಾಳಿಯ ಆಮ್ಲಜನಕವನ್ನು ಬಳೆಗೆ ಸೇರಿಸಿ ಅದನ್ನು ಬಿಚ್ಚುತ್ತದೆ. ಇಂಥದೇ ಇನ್ನೊಂದು ಕಿಣ್ವ ಸೇರಿಸುವ ಆಮ್ಲಜನಕ ಗಾಳಿಯಿಂದಲೇ ಬರುತ್ತದೆಂದು 1955ರಲ್ಲಿ ಒಸಾಮು ಹಯೈಶಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ಎಸ್. ವೈದ್ಯನಾಥನ್ ಮತ್ತು ಸಂಗಡಿಗರೂ ಸೂಕ್ಷ್ಮಜೀವಿಗಳು ಇಂಥ ಬಳೆಗಳನ್ನು ಒಡೆಯುವ ಬಗೆಯನ್ನು ಅಭ್ಯಾಸ ಮಾಡಿದರು.

ಇದರಿಂದ ನಮಗೇನು? ಮಳೆನೀರು ನಿಂತ ಗುಂಡಿಯಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದೆ ಈ ಕಿಣ್ವ ಕೆಲಸ ಮಾಡದು. ಕಡ್ಡಿ ಕಳಿಯದು, ನಾತ ಮಾತ್ರ ಬರುತ್ತೆ. ಆ ಅರೆಗೊಬ್ಬರವನ್ನು ಹೊಲಕ್ಕೆ ಹೊಡೆದರೆ, ಹುಲ್ಲನ್ನು ಅರಗಿಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹೀರುತ್ತವೆ. ಎಳೆಯ ಪೈರು ಹಳದಿಗೆ ತಿರುಗುತ್ತದೆ. ಪಟ್ಟ ಪಾಡೆಲ್ಲ ವ್ಯರ್ಥ.

ಆದ್ದರಿಂದ ಹೀಗೆ ಮಾಡಿ. ಕಡ್ಡಿಯನ್ನು ಸಣ್ಣಗೆ ಕಡಿದು ಹಾಕಿ. ಒಂದು ಪದರ ಕಸಕಡ್ಡಿ, ಮೇಲೊಂದು ಪದರ ಸಗಣಿ, ಗಂಜಳ, ತೆಳುವಾಗಿ ಮಣ್ಣು. ಮಳೆನೀರು ಒಳಗೆ ನುಗ್ಗದಂತೆ ಸುತ್ತ ಕಾಲುವೆ ತೆಗೆಯಿರಿ. ಹಾಗಂತ ಒಣಗಲೂ ಬಿಡಬೇಡಿ. ಹಿಡಿ ಗೊಬ್ಬರ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ತಿಂಗಳಿಗೊಮ್ಮೆಯಾದರೂ ಗುದ್ದಲಿಯಿಂದ ಅಡಿಮೇಲು ಮಾಡಿ.

ಗೊಬ್ಬರ ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದು, ಕಡ್ಡಿ ಬೆರಳಿಗೆ ಸಿಕ್ಕರೆ ಪುಡಿಯಾಗಬೇಕು. ಆಗ ಬಿತ್ತನೆಗೆ ಮುಂಚೆ ಹೊಲಕ್ಕೆ ಹೊಡೆಯಿರಿ. ಕಣ್ಣಿಗೆ ಕಾಣದ ಈ ಆಳುಗಳು ಕೂಲಿ ಕೇಳುವುದಿಲ್ಲ; ಕೇಳುವುದು ಗಾಳಿ, ಹದವಾದ ತೇವ, ಅಷ್ಟೇ.